ಡ್ರೈವರ್ ಚೊನ್ ಎಂಬ ಹೆಂಗಸು

ಕೆಟ್ಟ ಟಿವಿ ಕೊಳ್ತೀವಿ, ಕೆಟ್ಟ ಫ್ರಿಜ್ಜು ಕೊಳ್ತೀವಿ, ಹಳೇ ಹೊಲಿಗೆ ಯಂತ್ರ ಕೊಳ್ತೀವಿ ಎಂದು ಗುಜರಿ ಲಾರಿಯ ಧ್ವನಿವರ್ಧಕ ಇಳಿಜಾರಿನ ಕೆಳಗಿನಿಂದ ಕೂಗುತ್ತಾ ಬರುತ್ತಿತ್ತು. ಮೊಕ್ಪೊ ಬಂದರಿನ ಮೇಲಿನ ಆ ಓಣಿ ಬಲು ಕಡಿದು. ತಿರುವು ಬಂದಲ್ಲೆಲ್ಲ ಲಾರಿ ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು, ಕೂಗು ಮಾತ್ರ ನಿಲ್ಲುತ್ತಿರಲಿಲ್ಲ. ಎಂದೋ ಒಮ್ಮೆ ಹೇಳಿ ತುಂಬಿಸಿಟ್ಟ ದನಿ ಅದು. ಅದಕ್ಕೆ ಏರು ಗೊತ್ತಿಲ್ಲ, ಇಳಿಜಾರು ಗೊತ್ತಿಲ್ಲ.

ಬೇರೆ ದಿನವಾಗಿದ್ದರೆ ಓ ಎಂಬ ಮನೆತನದ ಮಲ್ಸುನ್ ಕೈಯಲ್ಲಿದ್ದ ಪ್ಯಾಂಟನ್ನು ಅಲ್ಲೇ ಬಿಟ್ಟು, ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಯ ಸಮೇತ ಬೀದಿಗೆ ಇಳಿಯುತ್ತಿದ್ದಳು. ಲಾರಿಯ ಬೆನ್ನಿನಲ್ಲಿ ಫ್ಯಾನಿನ ರೆಕ್ಕೆಗಳ ನಡುವೆ ಕಾಲಿನಿಂದ ತುಳಿಯುವ ಹಳೆಯ ಯಂತ್ರವೊಂದು ಮಕಾಡೆ ಬಿದ್ದಿದೆಯೇ ಎಂದು ಇಣುಕುತ್ತಿದ್ದಳು. ಹಾಗೆ ಎತ್ತಿ ತಂದ ಎರಡು ಯಂತ್ರಗಳು ಅವಳ ಅಂಗಡಿಯಲ್ಲಿದ್ದವು. ಅಂಗಡಿಯೆಂದರೂ ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಜಾಗ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಹೋದ ಜಿಪ್ಪು ಬದಲಿಸುವುದು, ಸತ್ತ ಗಂಡನ ಕೋಟನ್ನು ಮಗನ ಅಳತೆಗೆ ಇಳಿಸಿಕೊಡುವುದು, ಇವೇ ಅವಳ ಕೆಲಸ. ಅವಳ ಗಂಡನೂ ತೀರಿಕೊಂಡು ವರ್ಷಗಳಾಗಿದ್ದವು. ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ ಒಳ್ಳೆಯ ಮನುಷ್ಯ.

ಇವತ್ತು ಲಾರಿ ಅಂಗಡಿಯ ಮುಂದೆಯೇ ಹಾದುಹೋದರೂ ಅವಳು ಏಳಲಿಲ್ಲ. ಫೋನು ತೊಡೆಯ ಮೇಲಿತ್ತು. ಹಳೆಯ ಹೊಲಿಗೆ ಯಂತ್ರಗಳ ಹುಚ್ಚು ಹಿಡಿದವರದೊಂದು ಕೂಟ ಅಂತರ್ಜಾಲದಲ್ಲಿದೆ. ಅದನ್ನು ನಡೆಸುವವರು ಬೆಳಗ್ಗೆ ಒಂದು ಸುದ್ದಿ ಹಾಕಿದ್ದರು. ಬೆಂಡು ಮೂಲಂಗಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ನಮ್ಮ ಗೆಳತಿ ನಿನ್ನೆ ಹೋಗಿಬಿಟ್ಟರು. ಅವರು ಬರೆದಿಟ್ಟಿದ್ದ ನಂಬರಿಗೆ ಅವರ ಮಗಳು ಫೋನು ಮಾಡಿ ತಿಳಿಸಿದರು. ಸುನ್ಚೊನ್ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸಾವಿನ ಮನೆಯಲ್ಲಿ ದರ್ಶನಕ್ಕೆ ಇಟ್ಟಿದ್ದಾರೆ.

ಆ ಕೂಟದಲ್ಲಿ ಯಾರಿಗೂ ಯಾರ ನಿಜವಾದ ಹೆಸರೂ ಗೊತ್ತಿರಲಿಲ್ಲ. ತಾವೇ ಇಟ್ಟುಕೊಂಡ ಹೆಸರಿಗೆ ‘ಅವರೇ’ ಹಚ್ಚಿ ಕರೆದುಕೊಳ್ಳುತ್ತಿದ್ದರು: ಬಸವನಹುಳು ಅವರೇ, ತುಕ್ಕು ಹಿಡಿದ ಚಕ್ರ ಅವರೇ, ಬೆಂಡು ಮೂಲಂಗಿ ಅವರೇ. ಮಲ್ಸುನ್‌ಳ ಹೆಸರು ಡ್ರೈವರ್ ಚೊನ್. ಹೊಸದಾಗಿ ಬಂದವರು ತಮ್ಮ ಹೆಸರಿನ ಕತೆ ಹೇಳಲೇಬೇಕು, ಅದು ಅಲ್ಲಿಯ ನಡವಳಿಕೆ. ಮಲ್ಸುನ್ ತನ್ನ ಸರದಿ ಬಂದಾಗ ಒಂದೇ ಸಾಲು ಬರೆದಿದ್ದಳು. ಹಳೆಯ ಟಿವಿ ಪ್ರಹಸನದ್ದು, ನಮ್ಮ ವಯಸ್ಸಿನವರಿಗೆ ಹೇಳುವುದೇ ಬೇಡ ಎಂದು. ಎಲ್ಲರೂ ನಕ್ಕು ಒಳಗೆ ಕರೆದುಕೊಂಡರು. ಬೆಂಡು ಮೂಲಂಗಿ ಮಾತ್ರ ಗುಟ್ಟಾಗಿ ಬೇರೆ ಬರೆದಿದ್ದಳು. “ಬಸ್ಸು ತುಂಬಿ ಬಾಗಿಲು ಹಾಕೋಕೇ ಆಗದೇ ಇದ್ದಾಗ ನೀವು ಎಲ್ಲಿ ಹಿಡ್ಕೋತಿದ್ರಿ? ಕಂಬೀನಾ, ಕಿಟಕಿ ಚೌಕಟ್ಟಾ?”

ಮಲ್ಸುನ್ ಆ ಸಾಲನ್ನು ಬಹಳ ಹೊತ್ತು ನೋಡಿದ್ದಳು. ಪ್ರಹಸನ ನೋಡಿದವರು ಕೇಳುವ ಪ್ರಶ್ನೆ ಅದಾಗಿರಲಿಲ್ಲ. ಬಾಗಿಲಿಗೆ ನೇತಾಡಿದವರು ಕೇಳುವ ಪ್ರಶ್ನೆ. “ಎರಡನ್ನೂ” ಎಂದು ಉತ್ತರ ಬರೆದಳು.

ಹದಿನಾರರ ಹರೆಯದಲ್ಲಿ ಮಲ್ಸುನ್ ಸಿಟಿ ಬಸ್ಸಿನ ಕಂಡಕ್ಟರ್ ಹುಡುಗಿಯಾಗಿದ್ದಳು. ಬೆನ್ನಿನಿಂದ ಜನರನ್ನು ಒಳಗೆ ತಳ್ಳಿ, ಬಸ್ಸಿನ ಮೈಗೆ ಎರಡು ಏಟು ಬಡಿದು, ಬಸ್ಸು ಹೊರಡಲೆಂದು ಓರೈ ಎಂದು ಕೂಗುವ ಕೆಲಸ. ಸಂಜೆ ಡಿಪೋದಲ್ಲಿ ಚಿಲ್ಲರೆ ಬಚ್ಚಿಟ್ಟಿದ್ದಾರೆಂದು ಹುಡುಗಿಯರ ಬಟ್ಟೆ ಬಿಚ್ಚಿಸಿ ತಡಕುತ್ತಿದ್ದರು. ಊರಿಗೂರೇ ಬಲ್ಲ ಸಂಗತಿ ಅದು. ಅದಕ್ಕೇ ಕಂಡಕ್ಟರ್ ಹುಡುಗಿಯೆಂದರೆ ಸಂಬಂಧ ಕೂಡುತ್ತಿರಲಿಲ್ಲ. ಮದುವೆಯ ಮಾತಿನಲ್ಲಿ ಅವಳ ತಾಯಿ ನೂಲಿನ ಮಿಲ್ಲು ಎಂದು ಹೇಳಿದರು. ಗಂಡ ಸಾಯುವವರೆಗೂ ಅದು ನೂಲಿನ ಮಿಲ್ಲಾಗಿಯೇ ಉಳಿಯಿತು. ಬೆಂಡು ಮೂಲಂಗಿಯದೂ ಅಂಥದೇ ಮಿಲ್ಲು. ಅವಳ ಗಂಡ ಇನ್ನೂ ಇದ್ದ, ಅವನಿಗೂ ಗೊತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆಯೇ ಈ ಇಬ್ಬರು ಹೆಂಗಸರು ದಿನ ಬೆಳಗಾದರೆ ಬರೆದುಕೊಳ್ಳುತ್ತಿದ್ದರು: ಮೊದಲು ಯಂತ್ರದ ಬೆಲ್ಟು, ಎಣ್ಣೆಯ ಮಾತು, ಆಮೇಲೆ ಬಸ್ಸು.

ಮಲ್ಸುನ್ ಹೂವಿನ ಅಂಗಡಿಗೆ ಫೋನು ಮಾಡಿ ಶ್ರದ್ಧಾಂಜಲಿಯ ಹೂಕಟ್ಟೊಂದನ್ನು ಸುನ್ಚೊನ್‌ಗೆ ಕಳಿಸಲು ಹೇಳಿದಳು. ರಿಬ್ಬನ್ನಿನ ಮೇಲೆ ಯಾರ ಹೆಸರು ಬರೆಯಲಿ ಎಂದ ಅಂಗಡಿಯವ. ಓ ಮಲ್ಸುನ್ ಎಂದರೆ ಮೂಲಂಗಿಗೆ ಯಾರೆಂದು ತಿಳಿಯಬೇಕು?

“ಡ್ರೈವರ್ ಚೊನ್ ಅಂತ ಬರೀರಿ.”

“ಸಾರಿಗೆ ಕಂಪನಿಯವರಾ?”

“ಅಲ್ಲ. ಬರೀ ಡ್ರೈವರ್ ಚೊನ್.”

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಅವಳು ಬಸವನಹುಳುವಿನ ಜೊತೆ ಸುನ್ಚೊನ್ ಬಸ್ಸು ಹತ್ತಿದಳು. ಬಸವನಹುಳು ನಿವೃತ್ತ ಸಂಗೀತದ ಟೀಚರು, ಮೊಕ್ಪೊದವರೇ. ಹೆಸರಿಗೆ ತಕ್ಕಂತೆ ನಿಧಾನವೆಂದುಕೊಂಡರೆ ತಪ್ಪು. ಬಸ್ಸು ನಿಲ್ದಾಣ ದಾಟುವುದರೊಳಗೆ ಅವರ ಮಾತು ಮೂರು ಊರು ದಾಟಿತ್ತು.

“ಅಲ್ಲ ಡ್ರೈವರ್ ಅವರೇ, ಸಾವಿನ ಮನೇಲಿ ಹೋಗಿ ನಾನು ಬಸವನಹುಳು ಅಂತ ಹೇಳ್ಕೋಬೇಕಾ? ನಗ್ತಾರೆ.”

“ನಾನು ಡ್ರೈವರು. ನಿಮಗಿಂತ ವಾಸಿ.”

ಟೀಚರು ನಕ್ಕರು. ಆಮೇಲೆ ಆ ಪ್ರಹಸನದ ನೆನಪು ತೆಗೆದರು. ಚೊನ್ ಡ್ರೈವರನ ದಪ್ಪ ಕನ್ನಡಕ, ಹೆಗಲ ಟವೆಲು, ಭಾನುವಾರ ಸಂಜೆ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂರುತ್ತಿದ್ದದ್ದು. ನಿಜವಾದ ಬಸ್ಸುಗಳಲ್ಲಿ ಆ ಕಂಡಕ್ಟರ್ ಹುಡುಗೀರು ನಮ್ಮನ್ನ ಮೂಟೆ ಥರ ತಳ್ತಿದ್ರು, ಅವರ ಬಾಯೋ, ಅಬ್ಬಬ್ಬಾ, ಬೀದಿ ಗುಡಿಸೋ ಬಾಯಿ ಎಂದರು. ಮಲ್ಸುನ್ ಕಿಟಕಿಯಾಚೆ ನೋಡಿದಳು. ಉಪ್ಪಿನ ಗದ್ದೆಗಳಲ್ಲಿ ಆಕಾಶ ಚೌಕ ಚೌಕವಾಗಿ ಬಿದ್ದಿತ್ತು. ಹೌದು, ಹಾಗೇ ಇದ್ರು ಎಂದಳು.

ಆಸ್ಪತ್ರೆಯ ನೆಲಮಾಳಿಗೆಯ ಪಡಸಾಲೆಯಲ್ಲಿ ಆಳೆತ್ತರದ ಹೂಕಟ್ಟುಗಳು ಸಾಲಾಗಿ ನಿಂತಿದ್ದವು. ಕೊನೆಯದೊಂದು ಮಾತ್ರ ಗೋಡೆಗೆ ಮುಖ ಮಾಡಿತ್ತು. ಹಿಂಬದಿಯ ಬಿದಿರು, ತಂತಿ, ಹುಲ್ಲು ಕಾಣುತ್ತಿದ್ದವು. ತಂದು ಇಳಿಸಿದವರ ಬೇಜವಾಬ್ದಾರಿ ಎಂದುಕೊಂಡು ಮಲ್ಸುನ್ ಅದನ್ನು ಅಪ್ಪಿ ಹಿಡಿದು ತಿರುಗಿಸಿದಳು. ಬಿಳಿ ಸೇವಂತಿಗೆಯ ಮೇಲೆ ಅವಳ ರಿಬ್ಬನ್ನೇ ತೂಗುತ್ತಿತ್ತು: ಡ್ರೈವರ್ ಚೊನ್.

ಒಳಗಿನಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಓಡಿಬಂದಳು. ಮೂಲಂಗಿಯ ಮಗಳು, ಹೆರಿಮ್.

“ಚಿಕ್ಕಮ್ಮ, ಅದನ್ನ ಮುಟ್ಬೇಡಿ. ಅಪ್ಪ ತಿರುಗಿಸಿದ್ದು ಅದು.”

ಬಸವನಹುಳು ಪರಿಚಯ ಹೇಳಿಕೊಂಡರು. ಹೆರಿಮ್‌ಳ ದಣಿದ ಮುಖದಲ್ಲಿ ಒಂದು ನಗೆ ಬಂದು, ಬರಬಾರದಿತ್ತೆಂದು ಹಿಂದಿರುಗಿತು. ಇವರು ಯಾರು ಎಂದು ಹೆರಿಮ್ ಮಲ್ಸುನ್ ಕಡೆ ನೋಡಿದಾಗ ಮಲ್ಸುನ್ ತಾನೇ ಹೇಳಿದಳು.

“ಡ್ರೈವರ್ ಚೊನ್ ನಾನೇ ಕಣಮ್ಮ.”

ಹೆರಿಮ್ ಗೋಡೆಗೆ ಒರಗಿ ನಿಂತಳು. ದನಿ ತಗ್ಗಿಸಿ ಹೇಳಿದಳು. ಹೋದ ತಿಂಗಳು ಅಮ್ಮ ಮಂಪರಿನಲ್ಲಿದ್ದಾಗ ಫೋನಿನ ಪರದೆ ಬೆಳಗಿ ಒಂದು ಸಾಲು ಮೂಡಿತ್ತು. ಪಕ್ಕದಲ್ಲಿ ಕೂತಿದ್ದ ಅಪ್ಪ ಅದನ್ನು ಓದಿದರು. ಡ್ರೈವರ್ ಚೊನ್: ಕಾಲು ನೋವಾಗಿರಬೇಕು, ಕೂತ್ಕೋ, ರಸ್ತೆ ನಾನು ನೋಡ್ಕೋತೀನಿ. ಮರುದಿನ ಅದೇ ಹೊತ್ತಿಗೆ ಅದೇ ಸಾಲು. ಅದರ ಮರುದಿನವೂ. ಅಮ್ಮನನ್ನು ಅವರು ಒಂದು ಮಾತೂ ಕೇಳಲಿಲ್ಲ; ಕಡೆಯವರೆಗೂ ಗಂಜಿ ಕುಡಿಸಿದರು, ಕಾಲು ಒತ್ತಿದರು, ಕೇಳಲಿಲ್ಲ. ನಿನ್ನೆ ಈ ಹೂವು ಬಂದಾಗ ಮಾತ್ರ ಬಾಯಿ ಬಿಟ್ಟರು. ನಾಳೆ ಚಿತಾಗಾರಕ್ಕೆ ಫೋಟೋ ಹಿಡಿದು ಮುಂದೆ ನಡೆಯುವವರು ಯಾರು ಎಂದು ಕೇಳಿದ್ದಕ್ಕೆ, ಆ ಡ್ರೈವರನ್ನೇ ಕರೀರಿ, ದಾರಿ ಅವನಿಗೆ ಗೊತ್ತಿರುತ್ತೆ ಎಂದರು.

“ಅಮ್ಮನ ಫೋನ್ ಲಾಕ್ ತೆಗೆಯೋಕೆ ನಮಗೆ ಬರಲ್ಲ. ನಿಮ್ಮದು ತೋರಿಸಿಬಿಡಿ ಚಿಕ್ಕಮ್ಮ, ಬರೆದಿರೋದೆಲ್ಲ ಇರುತ್ತಲ್ಲ. ಅಪ್ಪ ಒಂದ್ಸಲ ಓದ್ಕೊಂಡ್ರೆ ಮುಗೀತು.”

ಮಲ್ಸುನ್‌ಳ ಕೈ ಚೀಲದ ಮೇಲೆ ಹೋಯಿತು, ಅಲ್ಲೇ ನಿಂತಿತು. ಫೋನಿನಲ್ಲಿ ಎಲ್ಲವೂ ಇತ್ತು. ಬೆಲ್ಟು, ಎಣ್ಣೆಯ ಮಾತಿನ ನಡುವೆ ಮೂಲಂಗಿಯ ಬಸ್ಸಿನ ನಂಬರು, ಡಿಪೋ, ಬಟ್ಟೆ ಬಿಚ್ಚಿಸಿದ ಕೋಣೆ ಎಲ್ಲ ಇದ್ದವು. ನಮ್ಮ ಮನೆಯವರಿಗೆ ಹೇಳ್ಬೇಡಿ, ಈ ವಯಸ್ಸಲ್ಲಿ ಅವರ ಮುಖ ಬದಲಾಗೋದು ನೋಡೋ ಶಕ್ತಿ ನನಗಿಲ್ಲ ಎಂದು ಬರೆದ ಸಾಲೂ ಇತ್ತು. ಫೋನು ತೋರಿಸಿದರೆ ಒಂದು ಸುಳ್ಳು ಸಂಶಯ ಸಾಯುತ್ತಿತ್ತು, ಸತ್ತವಳ ಗುಟ್ಟು ಎದ್ದು ಕೂರುತ್ತಿತ್ತು.

“ಫೋನ್ ಬೇಡ. ಬಾಯಲ್ಲೇ ಹೇಳ್ತೀನಿ,” ಎಂದಳು.

ಒಳಗೆ ಸೇವಂತಿಗೆಗಳ ನಡುವೆ ಫೋಟೋ ಇತ್ತು. ಹೀಗಿದ್ದಳೋ ಎಂದುಕೊಂಡಳು ಮಲ್ಸುನ್. ದುಂಡು ಮುಖ, ಒಂದು ಹುಬ್ಬು ತುಸು ಮೇಲೆ. ಇಷ್ಟು ವರ್ಷ ಅವಳು ಸಣಕಲು ಹೆಂಗಸೊಬ್ಬಳಿಗೆ ಬರೆಯುತ್ತಿದ್ದಳು. ಫೋಟೋದ ಕೆಳಗಿನ ಹೆಸರನ್ನೂ ಮೊದಲ ಸಲ ಓದಿದಳು: ಗುಕ್ ಯೊನ್‌ಹಿ. ಹಣೆ ನೆಲಕ್ಕೆ ತಾಗಿಸಿ ಎರಡು ಸಲ ನಮಸ್ಕರಿಸಿ, ಗಂಡನ ಕಡೆ ತಿರುಗಿ ಇನ್ನೊಂದು ಸಲ ಬಾಗಿದಳು. ಅವರು, ತಾಕ್ ಅವರು, ಎಲುಬು ದೊಡ್ಡದಾದ ಮನುಷ್ಯ. ಬಿಸಿಲಿಗೆ ಸುಟ್ಟ ಕತ್ತು. ಯಾರೋ ಇಬ್ಬರು ಹೆಂಗಸರೆಂದು ಅವರೂ ಬಾಗಿದರು.

ಪಕ್ಕದ ಊಟದ ಕೋಣೆಯಲ್ಲಿ ತಗ್ಗು ಮೇಜುಗಳ ಸುತ್ತ ಜನ ಕೂತಿದ್ದರು. ಕೆಂಪಗೆ ಕುದಿದ ಗೋಮಾಂಸದ ಸಾರು, ಅನ್ನ, ಕಡಲೆಕಾಯಿ ಬಂದವು. ಹೆರಿಮ್ ತಂದೆಯನ್ನು ಕರೆತಂದು ಎದುರಿಗೆ ಕೂರಿಸಿ, ಅಪ್ಪ, ಆ ಡ್ರೈವರ್ ಇವರೇ ಎಂದಳು.

ತಾಕ್ ಅವರು ಮಲ್ಸುನ್‌ಳನ್ನು ನೋಡಿದರು. ಸಿಟ್ಟಿರಲಿಲ್ಲ. ಅದಕ್ಕಿಂತ ಕಷ್ಟದ್ದೊಂದು ಇತ್ತು.

“ನಿಮ್ಮನ್ನ ಯಾರು ಕಳಿಸಿದ್ದು? ಈ ನನ್ನ ಮಗಳೇ ತಾನೇ? ಮುದುಕ ಅಂತ ಮಕ್ಕಳ ಆಟ ಆಡಿಸ್ಬೇಡಿ. ಹೆಂಗಸರು ಯಾರಾದ್ರೂ ಡ್ರೈವರ್ ಅಂತ ಹೆಸರಿಟ್ಕೋತಾರಾ?”

ಬಸವನಹುಳು ನಡುವೆ ಬಂದರು. ಅದು ಟಿವಿಯ ಪ್ರಹಸನ, ನೋಡಿರ್ತೀರಿ, ನೋಡದವರೇ ಇಲ್ಲ ಎಂದು ಶುರುಮಾಡಿದರು. ತಾನು ನೋಡಿಲ್ಲ ಎಂದರು ತಾಕ್. ಆ ವರ್ಷಗಳಲ್ಲಿ ಅವರು ದಕ್ಷಿಣ ಸಮುದ್ರದಲ್ಲಿ ಟ್ಯೂನಾ ಹಿಡಿಯುವ ಹಡಗಿನಲ್ಲಿದ್ದರು. ಮನೆಗೆ ಬರುವ ಹೊತ್ತಿಗೆ ಟಿವಿಗೆ ಬಣ್ಣವೂ ಬಂದಿತ್ತು, ಮಗಳಿಗೆ ಹಲ್ಲೂ ಬಂದಿತ್ತು.

ಆಗ ಮಲ್ಸುನ್ ಚಮಚ ಕೆಳಗಿಟ್ಟಳು. ಪ್ರತಿ ಭಾನುವಾರ ಅದೇ ಬಸ್ಸು, ಅದೇ ಕತೆ ಎಂದು ಹೇಳತೊಡಗಿದಳು. ಕಂಡಕ್ಟರ್ ಹುಡುಗಿ ಎಲ್ಲರನ್ನೂ ಒಳಗೆ ತಳ್ಳುತ್ತಾಳೆ. ಕೋಳಿ ಹಿಡಿದ ಅಜ್ಜಿ, ಜಡೆ ಹುಡುಗಿಯರು, ಬಾಗಿಲನ್ನೇ ಹೊತ್ತು ತಂದ ಬಡಗಿ. ಕೊನೆಗೆ ಅವಳಿಗೇ ಜಾಗವಿಲ್ಲ. ಬಸ್ಸಿಗೆ ಬಡಿದು ಓರೈ ಎನ್ನುತ್ತಾಳೆ, ಬಸ್ಸು ಹೊರಟುಹೋಗುತ್ತದೆ, ಅವಳು ರಸ್ತೆಯಲ್ಲಿ. ಚೊನ್ ಡ್ರೈವರನಿಗೆ ಅದು ತಿಳಿಯುವುದೇ ಇಲ್ಲ. ಕತ್ತು ಹೊರಳಿಸದ ಆಸಾಮಿ. ಹಿಂದೆ ಅವಳಿದ್ದಾಳೆಂದುಕೊಂಡು ದಾರಿಯುದ್ದಕ್ಕೂ ಮಾತಾಡುತ್ತಾನೆ. ಮೊದಲು ಬೈಯುತ್ತಾನೆ. ಅವಳು ಸುಮ್ಮನಿದ್ದಾಳಲ್ಲ, ಮನಸ್ಸಿಗೆ ನೋವಾಯಿತೇನೋ ಎಂದು ಮೆತ್ತಗಾಗುತ್ತಾನೆ. ಬೆಳಗ್ಗೆ ಏನು ತಿಂದೆ ಎಂದು ಕೇಳುತ್ತಾನೆ. ಖಾಲಿ ಜಾಗಕ್ಕೆ ಕ್ಷಮೆ ಕೇಳುತ್ತಾನೆ.

“ಕೊನೇಲಿ ಒಂದು ಮಾತು ಹೇಳ್ತಾನೆ,” ಎಂದಳು. ಹೇಳಲಿಲ್ಲ. ಎದ್ದು ನಿಂತಳು. ಬಸವನಹುಳು ಅವಳ ಸೆರಗೆಂಬಂತೆ ಕೋಟಿನ ಅಂಚು ಹಿಡಿದರು, ಅವಳು ಬಿಡಿಸಿಕೊಂಡಳು.

“ನಾನು ಆ ಹುಡುಗಿ ಆಗಿದ್ದೆ. ಟಿವಿಯೊಳಗಲ್ಲ. ನಿಜವಾದ ಬಸ್ಸಲ್ಲಿ, ಹದಿನಾರು ವರ್ಷಕ್ಕೆ. ನನ್ನ ಗಂಡನಿಗೂ ಹೇಳಿರ್ಲಿಲ್ಲ, ಈಗ ನಿಮಗೆ ಹೇಳ್ತಿದೀನಿ. ಹೀಗೆ ನಿಲ್ತಿದ್ದೆ.” ಬಾಗಿಲ ಚೌಕಟ್ಟಿನಲ್ಲಿ ಎರಡೂ ಕೈ ಚಾಚಿ, ಬೆನ್ನು ಬಿಗಿದು ನಿಂತಳು. ಅರವತ್ತು ದಾಟಿದ ಮೈ ಆ ಭಂಗಿಯನ್ನು ಕೇಳದೆಯೇ ತೆಗೆದುಕೊಂಡಿತು. “ನಮ್ಮ ಡ್ರೈವರುಗಳು ಯಾರೂ ನಮಗೆ ಏನು ತಿಂದೆ ಅಂತ ಕೇಳಿದೋರಲ್ಲ. ಆ ಪೆದ್ದ ಒಬ್ಬನೇ ಕೇಳ್ತಿದ್ದ. ಹಾಸ್ಟೆಲಿನಲ್ಲಿ ನಾವು ಹುಡುಗೀರೆಲ್ಲ ನಕ್ಕು ನಕ್ಕು, ಆಮೇಲೆ ಒಬ್ಬೊಬ್ಬರೇ ಮುಖ ತೊಳೆಯೋಕೆ ಹೋಗ್ತಿದ್ವಿ. ಕಾಣದೇ ಇರೋರಿಗೆ ಒಳ್ಳೆ ಮಾತು ಹೇಳೋನು ಅವನು. ಕೂಟದಲ್ಲಿ ನಾವು ಮಾಡೋದೂ ಅದೇ ಅಲ್ವಾ. ಅದಕ್ಕೇ ಅವನ ಹೆಸರು ಇಟ್ಕೊಂಡೆ.”

ಅಂಗೈಯಿಂದ ಗೋಡೆಗೆ ಎರಡು ಸಲ ಬಡಿದಳು. ಜೋರಾಗಿ ಅಲ್ಲ. ಓರೈ ಎಂದಳು.

ಪಕ್ಕದ ಮೇಜಿನಲ್ಲಿ ತಾಕ್ ಅವರ ಭಾವಮೈದುನ ಕಡಲೆಕಾಯಿ ಸುಲಿಯುತ್ತಿದ್ದ, ತಲೆಯೆತ್ತಲಿಲ್ಲ. ಯೋಚಿಸಿ ಹೇಳಿದ್ದೂ ಅಲ್ಲ. ಬಾಯಿ ತಾನಾಗಿ ಹೇಳಿತು.

“ಕಾಲು ನೋವಾಗಿರ್ಬೇಕು, ಕೂತ್ಕೋ.”

ಮೂಲೆಯಲ್ಲಿ ಬಿಳಿಗೂದಲ ಹೆಂಗಸೊಬ್ಬಳು ಸಾರಿನ ಬಟ್ಟಲಿನ ಮೇಲಿಂದ ಮುಂದುವರಿಸಿದಳು. “ರಸ್ತೆ ನಾನು ನೋಡ್ಕೋತೀನಿ.” ಇನ್ನೊಂದು ಮೇಜಿನಲ್ಲಿ ಯಾರೋ ಚೊನ್‌ನ ಹಾಗೆ ಗಂಟಲು ಸರಿಮಾಡಿಕೊಂಡರು. ಸಾವಿನ ಮನೆಯೆಂದು ನೆನಪಾಗಿ ಎಲ್ಲರೂ ಒಟ್ಟಿಗೆ ಬಟ್ಟಲಿನ ಕಡೆ ಬಾಗಿದರು.

ತಾಕ್ ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ತಾನೊಬ್ಬನೇ ಬೇರೆ ದೇಶದಲ್ಲಿದ್ದುಕೊಂಡು ಬಂದವನ ಹಾಗೆ.

“ಇದು ಎಲ್ಲರಿಗೂ ಗೊತ್ತಾ?”

“ನೀವು ಸಮುದ್ರದ ಮೇಲಿದ್ರಿ ಭಾವ,” ಎಂದ ಭಾವಮೈದುನ. “ನಿಮಗೆ ಮೀನು ಗೊತ್ತು.”

ತಾಕ್ ಅವರು ಮಂಡಿಯ ಮೇಲೆ ಕೈಯೂರಿ ಎದ್ದರು. ಪಡಸಾಲೆಗೆ ಹೋದರು. ಮಲ್ಸುನ್ ಆಗಲೇ ತಿರುಗಿಸಿದ್ದ ಹೂಕಟ್ಟನ್ನು ಅವರು ಮತ್ತೊಮ್ಮೆ ಸರಿಮಾಡಿ, ಎಳೆದು ತಂದು ಬಾಗಿಲ ಪಕ್ಕಕ್ಕೆ ನಿಲ್ಲಿಸಿದ್ದನ್ನು ಒಳಗಿದ್ದವರೆಲ್ಲ ನೋಡಿದರು. ವಾಪಸು ಬಂದು ಮಗಳಿಗೆ, ನಾಳೆ ಫೋಟೋ ನಾನೇ ಹಿಡೀತೀನಿ, ಬಿಳಿ ಕೈಗವಸು ಎಲ್ಲಿಟ್ಟಿದೀಯ ನೋಡು ಎಂದರು. ಆಮೇಲೆ ಮಲ್ಸುನ್ ಎದುರು ಕೂತು, ಸಾರು ಆರಿಹೋಯಿತು, ಬೇರೆ ತರಿಸುತ್ತೇನೆ ಎಂದರು.

ಬಸವನಹುಳುವಿಗೆ ಬೆಳಗಿನ ಬಸ್ಸಿನಲ್ಲಿ ತಾವು ಆಡಿದ್ದು ನೆನಪಾಗುತ್ತಿತ್ತೋ ಏನೋ. ಅಕ್ಕಿಯ ಕಡುಬಿನ ತಟ್ಟೆಯನ್ನು ಮೆಲ್ಲಗೆ ಮಲ್ಸುನ್ ಕಡೆ ತಳ್ಳಿದರು. ಮಲ್ಸುನ್ ಒಂದು ತೆಗೆದುಕೊಂಡಳು. ಎಳ್ಳಿನದು. ಚೆನ್ನಾಗಿತ್ತು.

ಹೊರಡುವಾಗ ಬಸವನಹುಳು ಮುಂದೆ ಮೆಟ್ಟಿಲು ಹತ್ತಿದರು. ಮಲ್ಸುನ್ ಬಾಗಿಲ ಬಳಿ ಕಪ್ಪು ಬೂಟುಗಳ ರಾಶಿಯಲ್ಲಿ ತನ್ನ ಜೋಡನ್ನು ಹುಡುಕಿ ಮೆಟ್ಟುತ್ತಿದ್ದಾಗ ಹಿಂದೆ ಉಸಿರು ಕೇಳಿಸಿತು. ತಾಕ್ ಅವರು ಬರಿಗಾಲಿನಲ್ಲಿ ಬಂದು ನಿಂತಿದ್ದರು.

“ಒಂದು ಮಾತು. ಅವಳು ಬಸ್ಸಲ್ಲಿ ಯಾವತ್ತೂ ಕೂರ್ತಿರ್ಲಿಲ್ಲ. ಸೀಟು ಖಾಲಿ ಇದ್ರೂ ಬಾಗಿಲ ಹತ್ರ ನಿಂತೇ ಇರೋಳು. ಯಾಕೆ ಅಂದ್ರೆ ತಲೆ ಸುತ್ತುತ್ತೆ ಅನ್ನೋಳು. ನಲವತ್ತು ವರ್ಷ ನಾನೂ ಅದನ್ನೇ ನಂಬಿದೆ.” ಅವರ ಕಣ್ಣು ಮಲ್ಸುನ್‌ಳ ಮುಖದ ಮೇಲಿರಲಿಲ್ಲ, ಕೈಗಳ ಮೇಲಿತ್ತು. “ಅವಳೂ ನಿಮ್ಮ ಹಾಗೇನಾ?”

ಮಲ್ಸುನ್ ಬಗ್ಗಿ ಬೂಟಿನ ಹಿಮ್ಮಡಿಗೆ ಬೆರಳು ತೂರಿಸಿದಳು. ಆ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಆ ಮುಖ ಬದಲಾಗುವುದಿಲ್ಲವೇನೋ, ಹೇಳಿದರೂ ಇಷ್ಟೇ ಮೆತ್ತಗೆ ಕೇಳಿಸಿಕೊಳ್ಳುತ್ತಿತ್ತೇನೋ ಎನಿಸಿತು. ಆದರೆ ಅದನ್ನು ನೋಡಿ ಹೇಳಬೇಕಾದವಳು ಒಳಗೆ, ಸೇವಂತಿಗೆಗಳ ನಡುವೆ, ಒಂದು ಹುಬ್ಬೆತ್ತಿಕೊಂಡು ಸುಮ್ಮನಿದ್ದಳು.

“ನಮಗೆ ಹೊಲಿಗೆಯೋರಿಗೆ ಹಾಗೇನೇ ಅಣ್ಣ,” ಎಂದಳು, ನೆಟ್ಟಗಾಗಿ, ಚೀಲ ಹೆಗಲಿಗೇರಿಸುತ್ತ. “ದಿನವೆಲ್ಲ ಕೂತು ಕೂತು ಸೊಂಟ ಹಿಡ್ಕೊಂಡಿರುತ್ತೆ, ಎಲ್ಲಾದ್ರೂ ನಿಲ್ಲೋಕೆ ಸಿಕ್ಕಿದ್ರೆ ಸಾಕು ಅನ್ಸುತ್ತೆ, ನಾನೂ ಅಷ್ಟೇ, ಈಗ ಬರುವಾಗ ಕೂಡ,” ಎನ್ನುತ್ತಲೇ ಅವಳು ಮೆಟ್ಟಿಲಿನ ಕಡೆ ತಿರುಗಿದ್ದಳು, ಒಂದು ಕೈ ಕಂಬಿಯ ಮೇಲಿತ್ತು, “ನಮ್ಮ ಟೀಚರು ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಎಳೀತಾನೇ ಇದ್ರು, ನಾನು ಅಂದೆ, ಅಲ್ಲ ಬಸವನಹುಳು ಅವರೇ, ಎಷ್ಟೋ ದೂರದ ದಾರಿ, ಒಂದು ಸ್ವಲ್ಪ ಹೊತ್ತು ನಾನು ಹೀಗೇ ನಿಂತ್ಕೋತೀನಿ ಅಂತ.”